ಮೆರೆಯಾನಳ ಕೈಯಲ್ಲಿರುವ ಕೂಸು

ರಾವಿನಿಯ ಎಂಬ ನನ್ನ ದೊಡ್ಡಮ್ಮ ಯಾರ ಮನೆಗೆ ಹೋದರೂ ಮೊದಲು ಚಹಾಕ್ಕೆ ಕೈ ಚಾಚುತ್ತಿರಲಿಲ್ಲ. “ಚಹಾ ಎಲ್ಲಿಗೂ ಓಡಿಹೋಗಲ್ಲ. ಮೊದ್ಲು ಫೋಟೊ ಪೆಟ್ಟಿಗೆ ತೆಗಿ,” ಅನ್ನುತ್ತಿದ್ದಳು. ಮದುವೆಗೆ ಹೋದರೂ ಅದೇ, ಮಣ್ಣಿಗೆ ಹೋದರೂ ಅದೇ. ಮನೆಯವರು ಮಂಚದ ಕೆಳಗಿನಿಂದ ಬೂಟಿನ ರಟ್ಟಿನ ಪೆಟ್ಟಿಗೆ ಎಳೆದು ತಂದು ಕೊಡಬೇಕು. ಇವಳು ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಅಷ್ಟರಲ್ಲಿ ಚಹಾ ತಣ್ಣಗಾಗಿ ಕೆನೆ ಕಟ್ಟಿರುತ್ತಿತ್ತು. ಅದನ್ನೂ ಕುಡಿದು, ಇನ್ನೊಂದು ಲೋಟ ಬಿಸಿಯಾಗಿ ಕೊಡು ಎಂದು ಕೇಳುವುದಕ್ಕೂ ಅವಳಿಗೆ ಸಂಕೋಚವಿರಲಿಲ್ಲ.

ಅವಳು ಹುಡುಕುತ್ತಿದ್ದದ್ದು ಒಬ್ಬಳನ್ನೇ, ತನ್ನ ಹೆತ್ತ ತಾಯಿ ಮೆರೆಯಾನಳನ್ನು. ಮೆರೆಯಾನ ಒಬ್ಬಳೇ ಇರುವ, ಇಲ್ಲವೇ ಸತ್ತವರ ಜೊತೆಗೆ ಮಾತ್ರ ಇರುವ ಒಂದು ಫೋಟೊ ಸಿಕ್ಕಿದರೆ ಸಾಕಿತ್ತು. ಅದು ಸಿಗುವ ತನಕ ಮೆರೆಯಾನ ನಮ್ಮ ಹಿರಿಯರ ಮನೆಯ ಗೋಡೆಗೆ ಬರುವಂತಿರಲಿಲ್ಲ.

ನಮ್ಮ ವಂಶದವರೆಲ್ಲ ಸೇರುವ, ಸತ್ತವರನ್ನು ಬರಮಾಡಿಕೊಳ್ಳುವ ಈ ಹಿರಿಯರ ಮನೆ ಇರುವುದು ಗಿಸ್ಬರ್ನ್ ಪೇಟೆಯಿಂದ ಉತ್ತರಕ್ಕೆ, ಹೊಳೆ ಹೋಗಿ ಸಮುದ್ರ ಸೇರುವ ಕಡೆ. ಅದರ ಹಿಂಗೋಡೆಯ ತುಂಬ ನಮ್ಮ ಸತ್ತವರಿದ್ದಾರೆ. ನಡುವೆ ನನ್ನ ಮುತ್ತಜ್ಜ ಪಿನೆಯಾಹ, ಮೀಸೆ ತಿರುವಿಕೊಂಡು. ಪಕ್ಕದಲ್ಲಿ ಗಲ್ಲದ ಮೇಲೆ ಹಸಿರು ಹಚ್ಚೆಯ ಮುತ್ತಜ್ಜಿ. ಯುದ್ಧಕ್ಕೆ ಹೋಗಿ ಮರಳದ ಅವರ ಇಬ್ಬರು ಗಂಡುಮಕ್ಕಳು ಟೋಪಿ ಓರೆ ಮಾಡಿಕೊಂಡು ನಿಂತಿದ್ದಾರೆ. ಹಿರಿಮಗಳು ಕಟರೀನ, ಅಂದರೆ ನನ್ನ ಅಜ್ಜಿ, ಫೋಟೊ ತೆಗೆಯುವವನನ್ನೇ ಗದರಿಸುವ ಹಾಗೆ ನೋಡುತ್ತಾಳೆ. ಆ ಮನೆಯ ಬೇರೆ ಮಕ್ಕಳೆಲ್ಲ ಇದ್ದರು, ಕೊನೆಯ ಮಗಳು ಮೆರೆಯಾನ ಮಾತ್ರ ಅಲ್ಲಿರಲಿಲ್ಲ.

ಮೆರೆಯಾನ ಕುರಿಯ ಉಣ್ಣೆ ಕತ್ತರಿಸುವ ತಂಡದ ಅಡುಗೆಯವಳಾಗಿ ದಕ್ಷಿಣಕ್ಕೆ ಹೋದವಳು. ಅಲ್ಲೇ ಒಬ್ಬನನ್ನು ಕಟ್ಟಿಕೊಂಡಳು. ಅವನು ನಿಲ್ಲಲಿಲ್ಲ. ಕೂಸು ಹುಟ್ಟಿತು, ಹಿಂದೆಯೇ ಎದೆಯ ಕಾಯಿಲೆ ಬಂತು. ಕೂಸು ಇನ್ನೂ ಹಾಲು ಕುಡಿಯುವಾಗಲೇ ಅಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆ ಚಳಿಗಾಲ ಹೊಳೆಗಳು ಉಕ್ಕಿ ಸೇತುವೆಗಳು ಕೊಚ್ಚಿಹೋಗಿದ್ದವು. ಹೆಣ ಊರಿಗೆ ಬರಲಾಗದೆ ಅಲ್ಲೇ ಮಣ್ಣಾಯಿತು. ನಮ್ಮವರಿಗೆ ಇದಕ್ಕಿಂತ ದೊಡ್ಡ ನೋವಿಲ್ಲ. ಸತ್ತವರು ಊರಿಗೆ ಬರಬೇಕು, ಅಂಗಳದಲ್ಲಿ ಎಲ್ಲರ ನಡುವೆ ಮಲಗಬೇಕು, ಅಳಿಸಿಕೊಳ್ಳಬೇಕು, ಬೈಸಿಕೊಳ್ಳಬೇಕು, ಹಾಡಿಸಿಕೊಳ್ಳಬೇಕು. ಮೆರೆಯಾನಳಿಗೆ ಅದೊಂದೂ ಸಿಗಲಿಲ್ಲ. ಊರಿಗೆ ಬಂದದ್ದು ತಂಡದ ಒಬ್ಬ ಹೆಂಗಸಿನ ಕೈಯಲ್ಲಿ ಕೂಸು ಮತ್ತು ಅಂಗೈಯಗಲದ ಒಂದು ಫೋಟೊ. ಹೇಸ್ಟಿಂಗ್ಸ್ ಪೇಟೆಯ ಬೀದಿಯಲ್ಲಿ ಹೋಗಿಬರುವವರ ಚಿತ್ರ ಹಿಡಿದು ಮಾರುವವನೊಬ್ಬ ತೆಗೆದದ್ದು. ಅದರಲ್ಲಿ ಮೆರೆಯಾನ ಯಾರದೋ ದೊಡ್ಡ ಕೋಟು ತೊಟ್ಟು, ಶಾಲಿನಲ್ಲಿ ಸುತ್ತಿದ ಕೂಸನ್ನು ಎದೆಗೆ ಒತ್ತಿಕೊಂಡು, ನಗುತ್ತ ನಡೆದು ಬರುತ್ತಿದ್ದಾಳೆ.

ಆ ಕೂಸೇ ರಾವಿನಿಯ. ನನ್ನ ಅಜ್ಜಿ ಕಟರೀನ ತಂಗಿಯ ಮಗಳನ್ನು ತನ್ನ ಮಕ್ಕಳ ಜೊತೆಗೇ ಸಾಕಿದಳು. ನನ್ನ ಅಮ್ಮ, ನಿಕೋರ ಮಾವ, ರಾವಿನಿಯ ದೊಡ್ಡಮ್ಮ ಮೂವರೂ ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಹಾಸಿಗೆಯಲ್ಲಿ ಒದೆದಾಡಿ ಬೆಳೆದವರು.

ಕಟರೀನ ಅಜ್ಜಿ ಫೋಟೊವನ್ನು ಮುಚ್ಚಿಟ್ಟವಳಲ್ಲ. ರಾವಿನಿಯಳಿಗೆ ಹಾಲುಹಲ್ಲು ಬೀಳುವ ವಯಸ್ಸಿಗೇ ಅದನ್ನು ಕೈಗೆ ಕೊಟ್ಟು, “ಇದು ನಿನ್ನಮ್ಮ. ಕೈಲಿರೋದು ನೀನು,” ಅಂದಳಂತೆ. ಹುಡುಗಿ ಮರುದಿನವೇ ಹಿರಿಯರ ಮನೆಗೆ ನುಗ್ಗಿ, ಅಲ್ಲಿ ಪೇರಿಸಿಟ್ಟಿದ್ದ ಹಾಸಿಗೆಗಳ ಮೇಲೆ ಹತ್ತಿ, ಒಂದು ಚೌಕಟ್ಟಿನ ಸಂದಿಗೆ ಆ ಫೋಟೊ ಸಿಕ್ಕಿಸಿಬಿಟ್ಟಳು. ಆಗಿನ್ನೂ ಬದುಕಿದ್ದ ಪಿನೆಯಾಹ ಮುದುಕ ಅದನ್ನು ನೋಡಿದ. ಕೂಗಾಡಲಿಲ್ಲ. ಫೋಟೊ ಕೆಳಗಿಳಿಸಿ, ಮೊಮ್ಮಗಳನ್ನು ಹೊರಗೆ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಸತ್ತವರ ಸೋಂಕು ಕಳೆಯಲೆಂದು ತಲೆಗೆ ನೀರು ಚಿಮುಕಿಸಿದ.

“ಇದು ಸತ್ತವರ ಗೋಡೆ, ಮಗಳೇ. ನಿನ್ನಮ್ಮಂಗೆ ಇಲ್ಲಿ ಜಾಗ ಇದೆ. ಆದ್ರೆ ಅವಳ ಕೈಲಿರೋ ಕೂಸು ಉಸಿರಾಡ್ತಾ ಇದೆಯಲ್ಲ? ಅದನ್ನ ಇವರ ಮಧ್ಯೆ ಹಾಕಿದ್ರೆ, ಬಾ ಅಂತ ಇವರೇ ಕರ್ಕೊಂಡ್ಬಿಡ್ತಾರೆ.”

“ಹಂಗಾದ್ರೆ ಅಮ್ಮ ಯಾವಾಗ ಬರ್ತಾಳೆ?”

“ಅವಳು ಒಬ್ಬಳೇ ಇರೋದು ಒಂದು ಸಿಗ್ಲಿ. ನಾನೇ ಮೊಳೆ ಹೊಡೀತೀನಿ.”

ಮುದುಕ ಮೊಳೆ ಹೊಡೆಯದೆಯೇ ಹೋದ. ಮುಂದೆ ಅವನೇ ಗೋಡೆ ಸೇರಿದ. ಹುಡುಗಿ ಹುಡುಕುತ್ತಲೇ ದೊಡ್ಡವಳಾದಳು.

ದೊಡ್ಡಮ್ಮ ನಮ್ಮ ಕಣಿವೆಯ ಸ್ಕೂಲ್ ಬಸ್ಸಿನ ಡ್ರೈವರ್. ಅಮ್ಮಂದಿರನ್ನು ಶಾಲೆಗೆ ಬಿಟ್ಟವಳೇ ಅವರ ಮಕ್ಕಳನ್ನೂ ಬಿಟ್ಟಳು. ಬಸ್ಸಿನ ಹಾರನ್ ಕೆಟ್ಟಾಗ ರಿಪೇರಿಗೆ ಕೊಡುತ್ತಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರೆ ಗುಡ್ಡದಾಚೆಯ ಮನೆಯ ಮಕ್ಕಳೂ ಚೀಲ ಹಿಡಿದು ಓಡಿ ಬರುತ್ತಿದ್ದವು. ಹೊಸದಾಗಿ ಬಸ್ಸು ಹತ್ತುವ ಮಗುವಿನ ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿ, “ಈ ಕಿವಿ ಪಿನೆಯಾಹಂದು. ಈ ಮೊಂಡು ಮೂಗು ಯಾವ ಕಡೆಯಿಂದ ಬಂತೋ, ನಮ್ಮದಲ್ಲ,” ಅನ್ನುತ್ತಿದ್ದಳು. ಭಾನುವಾರ ಅದೇ ಮಗುವನ್ನು ಗೋಡೆಯ ಮುಂದೆ ನಿಲ್ಲಿಸಿ ಅದರ ಕಿವಿಯನ್ನೂ ಮುತ್ತಜ್ಜನ ಕಿವಿಯನ್ನೂ ತೋರಿಸಬೇಕು. ನಾನೂ ಹಾಗೆ ನಿಂತವಳೇ. ನನ್ನ ಹುಬ್ಬು ಯುದ್ಧದಲ್ಲಿ ಸತ್ತ ಅಜ್ಜನದು ಎಂದು ತಿಳಿದ ದಿನ ನಾನು ಶಾಲೆಯಲ್ಲಿ ಯಾರಿಗೂ ಹೆದರಲಿಲ್ಲ.

ನಮ್ಮ ಅಂಗಳಕ್ಕೆ ಬರುವ ನೆಂಟರನ್ನು ದನಿಯೆತ್ತಿ ಕರೆಯುವ ಹೆಂಗಸೂ ಅವಳೇ. ಆ ಕರೆ ಇಲ್ಲದೆ ನಮ್ಮಲ್ಲಿ ಯಾರೂ ಗೇಟು ದಾಟುವುದಿಲ್ಲ. ಎಷ್ಟೋ ಜನರ ತಾಯಂದಿರನ್ನು, ಬದುಕಿದ್ದಾಗಲೂ ಶವಪೆಟ್ಟಿಗೆಯಲ್ಲಿ ಬಂದಾಗಲೂ, ಹೆಸರು ಹಿಡಿದು ಒಳಗೆ ಕರೆದವಳು ಅವಳು. ತನ್ನ ತಾಯಿಯನ್ನು ಕರೆಯುವುದಕ್ಕೆ ಮಾತ್ರ ಆಗಿರಲಿಲ್ಲ. ಇದನ್ನು ನೆನೆದಾಗೆಲ್ಲ ನನಗೆ ಗೋಡೆಯ ಆ ಕಟ್ಟಳೆಯ ಮೇಲೆ ಸಿಟ್ಟು ಬರುತ್ತಿತ್ತು. ಆಗ ನನ್ನನ್ನು ಬೈಯುತ್ತಿದ್ದವಳೂ ಅವಳೇ.

ಒಮ್ಮೆ ದಕ್ಷಿಣದ ಯಾರದೋ ಮನೆಯಲ್ಲಿ ಉಣ್ಣೆ ತಂಡದ ಒಂದು ಹಳೆಯ ಫೋಟೊ ಸಿಕ್ಕಿತು. ಸಾಲಾಗಿ ನಿಂತ ಗಂಡಸರೆಲ್ಲ ಸತ್ತವರೇ. ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಒಂದು ಹೆಂಗಸಿನ ಮೊಣಕೈ ಕಾಣುತ್ತಿತ್ತು. ಅಷ್ಟೇ. ಮುಖವಿಲ್ಲ. ದೊಡ್ಡಮ್ಮ ಅದನ್ನು ಎದೆಗವಚಿಕೊಂಡು ತಂದು ನಿಕೋರ ಮಾವನ ಮುಂದೆ ಹಿಡಿದಳು. ಹಿರಿಯರ ಮನೆಯ ಪರವಾಗಿ ಮಾತಾಡುವವನು ಅವನು. ಗೋಡೆಯ ವಿಷಯದಲ್ಲಿ ಅವನ ಮಾತೇ ಕೊನೆ.

“ಇದು ಅಮ್ಮನ ಕೈಯೇ. ನನ್ನ ಕೈ ನೋಡು. ಹಿಂಗೇ ಸೊಟ್ಟಗಿಲ್ವಾ?”

“ಏ ಹುಡುಗಿ,” ಅಂದ ಮಾವ. ಅರವತ್ತು ದಾಟಿದ ಮೇಲೂ ಅವಳು ಅವನಿಗೆ ಹುಡುಗಿಯೇ. “ಮೊಣಕೈನ ಗೋಡೆಗೆ ಹಾಕಿ ಬಂದೋರಿಗೆ ಏನಂತ ಹೇಳ್ಲಿ? ಇದು ನಮ್ಮ ಚಿಕ್ಕಮ್ಮ, ಉಳಿದ ಭಾಗ ಒಳಗೆ ಅಡುಗೆ ಮಾಡ್ತಾ ಇದೆ ಅಂತ್ಲಾ?”

“ನಾಳೆ ನಿನ್ನ ಮುಖ ಹಾಕೋಕಿಂತ ಈ ಮೊಣಕೈ ವಾಸಿ ಕಣೋ!”

ಇಬ್ಬರೂ ಒಂದು ವಾರ ಮಾತು ಬಿಟ್ಟಿದ್ದರು. ಆಮೇಲೆ ಮಾವ ಹೊಳೆಯಲ್ಲಿ ಹಿಡಿದ ಹಾವುಮೀನು ಸುಟ್ಟು ತಂದು ಅವಳ ಮೆಟ್ಟಿಲ ಮೇಲಿಟ್ಟು ಹೋದ.

ದೊಡ್ಡಮ್ಮನಿಗೆ ಎಂಬತ್ತು ಹತ್ತಿರವಾಗುವ ಹೊತ್ತಿಗೆ ಹಿರಿಯರ ಮನೆಯ ಚಾವಣಿ ಸೋರಲು ಶುರುವಾಯಿತು. ರಿಪೇರಿ ಮುಗಿಯುವ ತನಕ ಗೋಡೆಯ ಮೇಲಿನವರನ್ನೆಲ್ಲ ಎಲ್ಲಿಡುವುದು ಎಂಬ ಮಾತು ಬಂದಾಗ ದೊಡ್ಡಮ್ಮ ಯಾರನ್ನೂ ಕೇಳಲಿಲ್ಲ, ತನ್ನ ಮನೆಯ ಹಾಲ್ ಖಾಲಿ ಮಾಡಿದಳು. ಟಿವಿ ಗ್ಯಾರೇಜಿಗೆ ಹೋಯಿತು. ಸತ್ತವರಿರುವ ಕೋಣೆಯಲ್ಲಿ ತಿನ್ನುವಂತಿಲ್ಲವಾದ್ದರಿಂದ ಬಿಸ್ಕತ್ತಿನ ಡಬ್ಬಿಯೂ ಹಿಂದೆಯೇ ಹೋಯಿತು. ನಾನು ಹೋದಾಗೆಲ್ಲ ಅವಳು ಅವರ ಗಾಜು ಒರೆಸುತ್ತ ಹರಟೆ ಹೊಡೆಯುತ್ತಿದ್ದಳು. ಯಾರ ಮಗಳಿಗೆ ಕೂಸಾಯಿತು, ಯಾರು ಕುಡಿದು ಬೇಲಿಗೆ ಕಾರು ಗುದ್ದಿದ, ಎಲ್ಲವೂ ಅವರಿಗೆ ವರದಿಯಾಗಬೇಕು.

ಚಾವಣಿ ಮುಗಿಯಿತು. ಈಸ್ಟರ್ ರಜೆಗೆ ಪಿನೆಯಾಹನ ವಂಶದವರೆಲ್ಲ ಊರಿನಲ್ಲಿ ಸೇರುವುದು, ಶನಿವಾರ ವಂಶಾವಳಿಯ ಮಾತು, ಭಾನುವಾರ ಹಿರಿಯರನ್ನು ಮತ್ತೆ ಗೋಡೆಗೇರಿಸುವುದು ಎಂದು ಗೊತ್ತಾಯಿತು. ಆಕ್ಲೆಂಡಿನಿಂದ, ವೆಲಿಂಗ್ಟನ್‌ನಿಂದ, ಆಸ್ಟ್ರೇಲಿಯಾದಿಂದ ಜನ ಬಂದರು. ಪಿನೆಯಾಹನ ಒಂದೊಂದು ಮಗುವಿನ ಸಂತಾನಕ್ಕೆ ಒಂದೊಂದು ಬಣ್ಣದ ಬನಿಯನ್ ಅಂಗಿ. ಕಟರೀನ ಅಜ್ಜಿಯ ಕಡೆಯವರಿಗೆ ಹಸಿರು. ನನಗೆ ಹಸಿರು, ನಿಕೋರ ಮಾವನಿಗೆ ಅವನ ಹೊಟ್ಟೆ ಹಿಡಿಸುವಷ್ಟು ಹಸಿರು. ಕಟರೀನ ಸಾಕಿದವಳಾದ್ದರಿಂದ ದೊಡ್ಡಮ್ಮನಿಗೂ ಅವಳ ಮಕ್ಕಳು ಮೊಮ್ಮಕ್ಕಳಿಗೂ ಹಸಿರೇ. ಮೆರೆಯಾನಳಿಗೆ ಬಣ್ಣವೇ ಇರಲಿಲ್ಲ. ಅದು ಯಾರ ತಲೆಗೂ ಹೊಳೆದಿರಲಿಲ್ಲ, ನನ್ನದಕ್ಕೂ.

ಶನಿವಾರ ನೆಲದೊಲೆಯಲ್ಲಿ ಬೆಂದ ಕುರಿಮಾಂಸ, ಸಿಹಿಗೆಣಸು ಊಟ ಮಾಡಿ ಎಲ್ಲರೂ ಹಿರಿಯರ ಮನೆಯೊಳಗೆ ಹಾಸಿಗೆಗಳಿಗೆ ಒರಗಿ ಕೂತಿದ್ದೆವು. ಆಗ ಶಾಂಟೆಲ್ ಎದ್ದು ನಿಂತಳು. ನಿಕೋರ ಮಾವನ ಮೊಮ್ಮಗಳು, ಬ್ರಿಸ್ಬೇನಿನಲ್ಲಿ ಪೋಸ್ಟರ್ ಅಚ್ಚು ಹಾಕುವ ಅಂಗಡಿಯಲ್ಲಿ ಕೆಲಸ. ಕೈಯಲ್ಲಿ ಕಂಬಳಿ ಸುತ್ತಿದ ಒಂದು ದೊಡ್ಡ ಚೌಕಟ್ಟು. ಅವಳ ಮುಖ ಆಗಲೇ ಕೆಂಪಾಗಿತ್ತು.

“ರಾವಿನಿಯ ಅಜ್ಜಿ, ಇದು ನಿನಗೆ. ಹೋದ ಸಲ ನಿನ್ನ ಹತ್ರ ಇದ್ದ ಫೋಟೊನ ನನ್ನ ಫೋನಲ್ಲಿ ಹಿಡ್ಕೊಂಡು ಹೋಗಿದ್ದೆ. ಇಷ್ಟು ದಿನ ಕೂತು ಮಾಡಿದೀನಿ.”

ಕಂಬಳಿ ಬಿಚ್ಚಿದಳು. ಮೆರೆಯಾನ.

ಅಂಗೈಯಗಲದ ಕಂದು ಚಿತ್ರದಲ್ಲಿ ಹೆಸರುಕಾಳಿನಷ್ಟಿದ್ದ ಮುಖ ಈಗ ನಮ್ಮ ಮುಖದಷ್ಟಾಗಿತ್ತು. ಹಲ್ಲಿನ ನಡುವಿನ ಸಂದಿ, ಎಡ ಹುಬ್ಬಿನ ಮೇಲಿನ ಮಚ್ಚೆ, ಗಾಳಿಗೆ ಬಾಯಿಗೆ ಬಂದ ಒಂದೆಳೆ ಕೂದಲು, ಎಲ್ಲ ಕಾಣುತ್ತಿತ್ತು. ದೊಡ್ಡಮ್ಮನ ಹಲ್ಲಿನಲ್ಲೂ ಅದೇ ಸಂದಿ. ತನ್ನ ಬಾಯಿಗೆ ಕೈ ಅಡ್ಡ ಹಿಡಿದು ಅವಳು “ಅಮ್ಮಾ” ಅಂದಳು. ಅಷ್ಟು ಸಣ್ಣ ದನಿ ಅವಳಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಮನೆ ತುಂಬ ಅಳು, ಚಪ್ಪಾಳೆ. ಯಾರೋ ಹಾಡನ್ನೂ ಎತ್ತಿಕೊಂಡರು. ನಿಕೋರ ಮಾವ ಮೂಗು ಒರೆಸಿಕೊಂಡು, “ನಾಳೆ ಮೊದಲ ಮೊಳೆ ಚಿಕ್ಕಮ್ಮಂದು. ಯಾರು ಅಡ್ಡ ಬರ್ತಾರೋ ನೋಡ್ತೀನಿ,” ಅಂದ.

ದೊಡ್ಡಮ್ಮ ಚೌಕಟ್ಟಿನ ಹತ್ತಿರ ಹೋಗಿ ಮಂಡಿಯೂರಿ ಕೂತಳು. ನಮ್ಮಲ್ಲಿ ಎದುರಾದವರಿಗೆ ಮಾಡುವ ಹಾಗೆ ಗಾಜಿಗೆ ಹಣೆ, ಮೂಗು ಒತ್ತಿದಳು. ಆಮೇಲೆ ಅವಳ ಕಣ್ಣು ಕೆಳಗಿಳಿಯಿತು. ಹಾಡು ಇನ್ನೂ ನಡೆಯುತ್ತಲೇ ಇತ್ತು.

“ಕೂಸೆಲ್ಲಿ?”

“ತೆಗೆದೆ ಅಜ್ಜಿ,” ಅಂದಳು ಶಾಂಟೆಲ್ ಹಿಗ್ಗಿನಿಂದ. “ಅದೊಂದೇ ಅಲ್ವಾ ಅಡ್ಡ ಇದ್ದಿದ್ದು? ಶಾಲು ತೆಗೆದು ಕೋಟಿನ ಬಟ್ಟೆ ತುಂಬಿಸಿದೀನಿ. ಗೊತ್ತೇ ಆಗಲ್ಲ ನೋಡು.”

ಗೊತ್ತಾಗುತ್ತಿತ್ತು. ಕೆಲಸ ಬಹಳ ಅಚ್ಚುಕಟ್ಟಾಗಿತ್ತು. ಕೈಗಳನ್ನು ಮಾತ್ರ ಅವಳು ಮುಟ್ಟಿರಲಿಲ್ಲ. ಮೆರೆಯಾನಳ ಒಂದು ಕೈ ಇಲ್ಲದ ಕೂಸಿನ ಬುಡಕ್ಕೆ ಆನಿಕೊಂಡು, ಇನ್ನೊಂದು ಬೆನ್ನಿಗೆ ಒತ್ತಿ, ನಡುವೆ ಏನೂ ಇಲ್ಲದೆ ಹಾಗೇ ಇದ್ದವು.

ಹುಡುಗಿಯನ್ನು ಬೈಯಲಾದೀತೇ? ನಮ್ಮ ಕಟ್ಟಳೆ ತಿಳಿದವಳು, ಅದನ್ನು ಮೀರದೆ ದಾರಿ ಹುಡುಕಿದವಳು. ಕಟ್ಟಳೆ ಗೊತ್ತಿಲ್ಲದ ಬೇರೆ ಯಾರಿಗಾದರೂ ಆ ಕೂಸನ್ನು ಚಿತ್ರದಿಂದ ತೆಗೆಯುವ ಯೋಚನೆ ಯಾಕೆ ಬರುತ್ತದೆ? ದೊಡ್ಡಮ್ಮ ಅವಳ ಕೆನ್ನೆ ತಟ್ಟಿದಳು. “ಬಾಳ ಚೆನ್ನಾಗಿ ಮಾಡಿದೀಯ ಮಗಳೇ,” ಎಂದು ಚೌಕಟ್ಟು ಎತ್ತಿಕೊಂಡು ಹೊರಗೆ ಜಗಲಿಗೆ ಹೋದಳು. ನಾನು ಹಿಂದೆಯೇ ಹೋದೆ.

ಬಿಸಿಲು ಇಳಿಯುತ್ತಿತ್ತು. ಅಂಗಳದಲ್ಲಿ ಮಕ್ಕಳು ಬಣ್ಣಬಣ್ಣದ ಅಂಗಿಯಲ್ಲಿ ಚೆಂಡಾಡುತ್ತಿದ್ದರು. ದೊಡ್ಡಮ್ಮ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತಿದ್ದಳು.

“ಹಾಕ್ಬಿಡು ದೊಡ್ಡಮ್ಮ,” ಅಂದೆ. “ಜೀವಮಾನ ಪೂರ್ತಿ ಕಾದಿದೀಯ. ಮಾವನೇ ಒಪ್ಪಿದಾನೆ. ನಾಳೆ ಬೆಳಿಗ್ಗೆ ನಿನ್ನಮ್ಮ ಅವಳ ಅಪ್ಪನ ಪಕ್ಕದಲ್ಲಿರ್ತಾಳೆ. ಇನ್ನೇನು ಬೇಕು?”

“ಕೈ ನೋಡು ರಿಪೆಕ.”

“ಯಾರು ನೋಡ್ತಾರೆ ಕೈನ? ಮುಖ ನೋಡ್ತಾರೆ.”

“ನಾನು ನೋಡ್ತೀನಿ.” ಗಾಜಿನ ಮೇಲೆ ಆ ಖಾಲಿ ಕೈಗಳಿಗೆ ಬೆರಳಿಟ್ಟಳು. “ನಿನ್ನಜ್ಜಿ ಸಾಯೋ ಮುಂಚೆ ಒಂದು ಮಾತು ಹೇಳಿದ್ಲು. ಎದೆ ಕಾಯಿಲೆ ಅಂತ ಆಸ್ಪತ್ರೇಲಿ ಕೂಸನ್ನ ಹತ್ರ ಬಿಡ್ತಿರ್ಲಿಲ್ವಂತೆ. ಕೂಸಿಗೂ ಅಂಟುತ್ತೆ ಅಂತ. ಕಿಟಕಿ ಆಚೆಯಿಂದ ಎತ್ತಿ ತೋರಿಸ್ತಿದ್ರಂತೆ. ಅವಳು ಹೋದಾಗ ಕೈಲಿ ನಾನಿರ್ಲಿಲ್ಲ. ಈ ಭೂಮಿ ಮೇಲೆ ನಾನು ಅವಳ ಕೈಲಿರೋದು ಇದೊಂದೇ ಜಾಗದಲ್ಲಿ ಕಣೇ. ಇಲ್ಲಿಂದ್ಲೂ ನನ್ನ ಇಳಿಸ್ಬಿಟ್ರೆ?”

ಅವಳು ಅಳುತ್ತಿರಲಿಲ್ಲ. ಬಸ್ಸಿನಲ್ಲಿ ಇಳಿಜಾರು ಬಂದಾಗ ದವಡೆ ಬಿಗಿಯುತ್ತಿದ್ದಳಲ್ಲ, ಹಾಗಿತ್ತು ಮುಖ.

“ಅಮ್ಮ ಗೋಡೆಗೆ ಬರ್ಬೇಕು ಅಂತ ನಂಗೆ ಎಷ್ಟು ಆಸೆ ಅಂತ ನಿಂಗೊತ್ತು. ಆದ್ರೆ ಬರಿಗೈಲಿ ಬರೋದು ಬೇಡ. ಅವಳು ನನ್ನ ಬಿಟ್ಟು ಬಂದೋಳಲ್ಲ.”

ನಿಕೋರ ಮಾವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಬಂದು ಅವಳ ಪಕ್ಕ ಕೂತ. ಬೆಂಚು ಕಿರುಗುಟ್ಟಿತು.

“ಕೂಸಿರೋ ಫೋಟೊ ಗೋಡೆಗೆ ಬರೋ ಹಂಗಿಲ್ಲ, ಹುಡುಗಿ. ನೀನು ಸಾಯೋದನ್ನ ನಾನು ನೋಡಕ್ಕಾಗಲ್ಲ.”

“ಗೋಡೆಗೆ ಯಾರು ಕೇಳಿದ್ರು? ಇಷ್ಟು ವರ್ಷ ಅವರಿವರ ಅಮ್ಮಂದಿರನ್ನ ಕರೆದು ಕರೆದು ಗಂಟಲು ಹರ್ಕೊಂಡಿದೀನಿ. ನಾಳೆ ನಾನು ಗೇಟಿಂದ ಆಚೆ ನಿಲ್ತೀನಿ. ನನ್ನಮ್ಮನ್ನ ಎತ್ಕೊಂಡು ಬರ್ತೀನಿ. ನೀವು ಕರೀರಿ.”

ಮಾವ ತಲೆ ಕೆರೆದುಕೊಂಡ. “ಗೋಡೆಗೆ ಕಟ್ಟಳೆ ಇದೆ. ಎತ್ಕೊಂಡು ಬರೋ ಕೈಗೆ ಯಾವ ಕಟ್ಟಳೆ? ಆದ್ರೆ ನೀನು ಆಚೆ ನಿಂತ್ರೆ ಕರೆಯೋರು ಯಾರು?”

ಇಬ್ಬರೂ ನನ್ನತ್ತ ತಿರುಗಿದರು.

“ನನ್ನ ನೋಡ್ಬೇಡಿ,” ಅಂದೆ. “ನಾನು ಅಡುಗೆಮನೆ ಕಡೆಯೋಳು. ನಂಗೆ ಬರಲ್ಲ.”

“ಮಕ್ಕಳನ್ನ ಬೈಯೋವಾಗ ಬರುತ್ತಲ್ಲ ದನಿ,” ಅಂದಳು ದೊಡ್ಡಮ್ಮ. “ಅದೇ ಸಾಕು.”

ಭಾನುವಾರ ಬೆಳಿಗ್ಗೆ ಅವಳು ಹಸಿರು ಅಂಗಿ ಬಿಚ್ಚಿಟ್ಟು ಕಪ್ಪು ಉಡುಪು ತೊಟ್ಟು ಬಂದಳು. ತಲೆಗೆ ಹಸಿ ಎಲೆಯ ದಂಡೆ. ಅಂಗೈಯಗಲದ ಹಳೆಯ ಫೋಟೊವನ್ನು ಶಾಲಿನಲ್ಲಿಟ್ಟು ಎದೆಗೆ ಹಿಡಿದುಕೊಂಡು ಒಬ್ಬಳೇ ಗೇಟಿನಾಚೆ ನಡೆದಳು. ಅವಳ ಹಿರಿಮಗ ಪೋರಾ, ಮರ ಕಡಿಯುವ ಕೆಲಸದವನು, ಜಾಸ್ತಿ ಮಾತಿನವನಲ್ಲ. ಸ್ವಲ್ಪ ಹೊತ್ತು ತಾಯಿಯ ಬೆನ್ನನ್ನೇ ನೋಡಿದ. ಆಮೇಲೆ ಹಸಿರು ಅಂಗಿ ತೆಗೆದು, ಒಳಹೊರಗು ಮಾಡಿ, ಹೊಲಿಗೆ ಮೇಲಾಗಿ ತೊಟ್ಟುಕೊಂಡು ಅವಳ ಹಿಂದೆ ಹೋದ. ಅವನ ತಂಗಿಯೂ ಹಾಗೇ ಮಾಡಿದಳು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಎಲ್ಲರೂ ಅಂಗಳದಲ್ಲೇ ಅಂಗಿ ತಿರುವಿದರು. ಒಂದು ಪುಟ್ಟ ಹುಡುಗಿಯ ತಲೆ ಕುತ್ತಿಗೆಯಲ್ಲಿ ಸಿಕ್ಕಿಕೊಂಡು ಅಜ್ಜಿಯೊಬ್ಬಳು ಬಿಡಿಸಬೇಕಾಯಿತು. ಒಂದು ಬಸ್ಸು ತುಂಬುವಷ್ಟು ಜನ, ಯಾವ ಬಣ್ಣದವರೂ ಅಲ್ಲದೆ, ಗೇಟಿನಾಚೆ ಮೆರೆಯಾನಳ ಹಿಂದೆ ಗುಂಪಾಗಿ ನಿಂತರು. ಅವಳಿಗೆ ಇಷ್ಟು ಜನರಿದ್ದಾರೆ ಎಂದು ಆಗಲೇ ನಮಗೆ ಕಂಡದ್ದು. ಕೆಂಪಂಗಿಯವರು, ನೀಲಿಯಂಗಿಯವರು ಎಲ್ಲರೂ ಅತ್ತ ತಿರುಗಿ ನಿಂತರು.

ನಾನು ಜಗಲಿಯ ಅಂಚಿಗೆ ಬಂದೆ. ಮಾವ ಬೆನ್ನ ಹಿಂದಿನಿಂದ, “ಬೈಯೋ ದನಿ, ಬೈಯೋ ದನಿ,” ಎಂದು ಪಿಸುಗುಟ್ಟಿದ. ಆ ದೂರಕ್ಕೆ ಫೋಟೊ ಕಾಣುತ್ತಿರಲಿಲ್ಲ. ಒಬ್ಬ ಮುದುಕಿ ಎದೆಗೆ ಏನನ್ನೋ ಎತ್ತಿಕೊಂಡಿರುವುದು ಮಾತ್ರ ಕಾಣುತ್ತಿತ್ತು. ಒಂದು ಕೈ ಬುಡಕ್ಕೆ, ಇನ್ನೊಂದು ಬೆನ್ನಿಗೆ. ಬಾಯಿ ತೆರೆದೆ.

“ಬಾರಮ್ಮ ಮೆರೆಯಾನ, ಬಾ! ಹೊಳೆ ಇಳಿದಿದೆ, ದಾರಿ ತೆರೆದಿದೆ, ಬಾ! ನೀನು ಎತ್ತಿಕೊಂಡ ಕೂಸಿನ ಜೊತೆ ಬಾ, ನಿನ್ನನ್ನ ಎತ್ತಿಕೊಂಡ ಕೂಸಿನ ಜೊತೆ ಬಾ! ನಿನ್ನಪ್ಪ ಕಾದಿದ್ದಾನೆ, ಅಕ್ಕ ಕಾದಿದ್ದಾಳೆ, ಮನೆಗೆ ಬಾ!”

ಆಚೆಯಿಂದ ದೊಡ್ಡಮ್ಮ ದನಿಯೆತ್ತಿ ಉತ್ತರ ಕೊಟ್ಟಳು. ಗುಡ್ಡದಾಚೆಗೂ ಕೇಳಿಸಿರಬೇಕು. ಆಮೇಲೆ ಅವರು ನಡೆದು ಬಂದರು. ನಿಧಾನವಾಗಿ, ನಿಂತು ನಿಂತು, ಹೆಣದ ಜೊತೆ ಬರುವವರ ಹಾಗೆಯೇ. ಅಂಗಳದ ಎರಡೂ ಕಡೆ ಮುದುಕಿಯರು ಎದೆ ಬಡಿದುಕೊಂಡು ಅತ್ತರು. ಮೆರೆಯಾನಳನ್ನು ಕಣ್ಣಾರೆ ಕಂಡವರು ಅವರಲ್ಲಿ ಒಬ್ಬರೂ ಇರಲಿಲ್ಲ. ಆದರೂ ಅತ್ತರು. ಸಲ್ಲಬೇಕಾದ ಅಳು ಅಷ್ಟು ವರ್ಷದ ಮೇಲೆ ಸಂದಿತು.

ಫೋಟೊವನ್ನು ಜಗಲಿಯಲ್ಲಿ ಕಿಟಕಿಯ ಕೆಳಗೆ ಚಾಪೆಯ ಮೇಲೆ ಇಟ್ಟು ದೊಡ್ಡಮ್ಮ ಪಕ್ಕದಲ್ಲಿ ಕೂತಳು. ನಿಕೋರ ಮಾವ ಕೋಲೂರಿ ನಿಂತು ಸತ್ತವಳ ಜೊತೆ ಮಾತಾಡಿದ.

“ಬಾ ಚಿಕ್ಕಮ್ಮ. ಆವತ್ತು ಸೇತುವೆ ಕೊಚ್ಚಿಹೋಗಿತ್ತು, ನಿನ್ನ ತರೋಕಾಗ್ಲಿಲ್ಲ. ಅಜ್ಜ ಅದೇ ಕೊರಗಲ್ಲಿ ಹೋದ. ಅಲ್ಲಾ, ಸೇತುವೆ ತಿರುಗಿ ಕಟ್ಟಿ ಎಷ್ಟು ಕಾಲ ಆಯ್ತು? ಇಷ್ಟು ತಡ ಮಾಡೋದಾ? ನಿನ್ನ ಮಗಳು ನನ್ನ ತಲೆ ತಿಂದು ತಿಂದು, ನೋಡಿಲ್ಲಿ, ಒಂದು ಕೂದಲು ಬಿಟ್ಟಿಲ್ಲ.”

ಅಳುತ್ತಿದ್ದವರೆಲ್ಲ ನಕ್ಕರು. ಮಾವನೊಬ್ಬ ನಗಲಿಲ್ಲ. ಕೋಲಿನ ಮೇಲೆ ಗಲ್ಲವಿಟ್ಟು ನಿಂತುಬಿಟ್ಟ. ಹಾಡು ಹೇಳಿ ಅವನನ್ನು ಕೂರಿಸಬೇಕಾಯಿತು.

ಆ ದಿನ ಉಳಿದವರೆಲ್ಲ ಗೋಡೆಗೇರಿದರು. ಮೆರೆಯಾನ ಸಂಜೆಯ ತನಕ ಜಗಲಿಯಲ್ಲಿ ಮಗಳ ಪಕ್ಕದಲ್ಲಿದ್ದಳು. ಬಂದವರೆಲ್ಲ ಬಾಗಿ ಮೊದಲು ಫೋಟೊಗೆ, ಆಮೇಲೆ ದೊಡ್ಡಮ್ಮನ ಮೂಗಿಗೆ ಮೂಗು ಒತ್ತಿ ಹೋದರು. ಶಾಂಟೆಲ್ ಬಂದಾಗ ಅಳು ತಡೆಯಲಾಗದೆ, “ತಪ್ಪಾಯ್ತಜ್ಜಿ,” ಅಂದಳು.

“ಸುಮ್ನಿರೇ. ನನ್ನನ್ನ ಹಿಂಗೆ ಸದ್ದಿಲ್ದೆ ಎತ್ತಂಗಡಿ ಮಾಡಿದೋಳು ನೀನೊಬ್ಳೇ. ನನ್ನ ಬಸ್ಸಿಂದ ಇಳಿಸೋಕೆ ಶಾಲೆ ಕಮಿಟಿಯವರಿಗೂ ಆಗಿರ್ಲಿಲ್ಲ.” ಆಮೇಲೆ ಅವಳ ಕೈ ಹಿಡಿದುಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ಇದೇ ಅಳತೆಗೆ ಇನ್ನೊಂದು ಮಾಡು. ಕೂಸಿನ ಸಮೇತ. ಚೆನ್ನಾಗಿ ಸುತ್ತಿ ನನ್ನ ಮಂಚದ ಕೆಳಗಿಡು. ನಾನು ಹೋದ್ಮೇಲೆ ನನ್ನ ಫೋಟೊ ಅಂತ ಯಾರೂ ಬೇರೆ ಹುಡುಕ್ಬೇಡಿ. ಟೋಪಿ ಹಾಕಿರೋದು ಬೇಡ, ಬಸ್ಸಿನ ಮುಂದೆ ನಿಂತಿರೋದು ಬೇಡ. ಅದೊಂದೇ. ಇಬ್ಬರದೂ ಒಂದೇ ಮೊಳೇಲಿ ಆಗ್ಲಿ.”

“ಆತುರ ಏನೂ ಇಲ್ಲ,” ಅಂದ ಮಾವ.

“ನಂಗೇನು ಆತುರ? ಮೊದ್ಲು ನಿನ್ನ ಮುಖ ಹಾಕಿ ಆಮೇಲೆ ಬರ್ತೀನಿ.”

ಹೇಳಿದ ಹಾಗೇ ಮಾಡಿದಳು. ಮಾವ ತೀರಿಕೊಂಡು ಗೋಡೆ ಸೇರಿದ ಮೇಲೆ ಇನ್ನೂ ಎರಡು ಚಳಿಗಾಲ ಕಳೆದು, ಒಂದು ಬೆಳಿಗ್ಗೆ ಚಹಾ ಮಾಡಿಟ್ಟುಕೊಂಡು ಕುಡಿಯದೆ ಹೋದಳು. ಅಂಗಳ ಹಿಡಿಸದಷ್ಟು ಜನ ಬಂದರು. ಅವಳ ಬಸ್ಸು ಹತ್ತದವರು ಆ ಗುಂಪಿನಲ್ಲಿ ಕಡಿಮೆ. ಅವಳನ್ನು ಗೇಟಿನಿಂದ ಒಳಗೆ ಕರೆದವಳು ನಾನೇ. ಮರುವರ್ಷ ಅವಳ ಸಮಾಧಿಯ ಕಲ್ಲಿನ ಮೇಲಿನ ಬಟ್ಟೆ ತೆಗೆದ ದಿನ ಪೋರಾ ಮೊಳೆ ಹೊಡೆದ. ಮೆರೆಯಾನ ತನ್ನಪ್ಪನ ಪಕ್ಕಕ್ಕೆ ಬಂದಳು, ಗಾಳಿಯಲ್ಲಿ ನಗುತ್ತ, ಮಗಳನ್ನು ಎದೆಗೊತ್ತಿಕೊಂಡು.

ಈಗ ಗೋಡೆಯವರ ಗಾಜು ಒರೆಸುವವಳು ನಾನು. ಹೋದ ತಿಂಗಳು ದಕ್ಷಿಣದಿಂದ ಮಣ್ಣಿಗೆ ಬಂದಿದ್ದ ಒಬ್ಬ ಹೆಂಗಸು ಗೋಡೆ ನೋಡುತ್ತ ಬಂದವಳು ಅಲ್ಲಿ ನಿಂತಳು. ಅವಳಿಗೆ ನಮ್ಮ ಕಟ್ಟಳೆ ಗೊತ್ತು. ಗೋಡೆಯ ಮೇಲಿದ್ದವರೆಲ್ಲ ಹೋದವರೇ ಎಂದು ಗೊತ್ತು. ಕೂಸಿನ ಮೇಲೆ ಕಣ್ಣಿಟ್ಟು, “ಅಯ್ಯೋ ನನ್ನ ಕಂದ,” ಅಂದಳು. “ಎಷ್ಟು ದಿನ ಇತ್ತಮ್ಮ ಈ ಕೂಸು?”

“ಎಂಬತ್ತನಾಲ್ಕು ವರ್ಷ,” ಅಂದೆ.

ಅವಳು ನನ್ನ ಮುಖ ನೋಡಿದಳು. ನಾನು ಅವಳ ಕೈ ಹಿಡಿದು ಇನ್ನೂ ಹತ್ತಿರಕ್ಕೆ ಕರೆದುಕೊಂಡು ಹೋಗಿ, ಇವಳು ಪಿನೆಯಾಹನ ಕೊನೆಯ ಮಗಳು ಮೆರೆಯಾನ, ಇದು ಇವಳ ಮಗಳು ನಮ್ಮ ರಾವಿನಿಯ ದೊಡ್ಡಮ್ಮ ಎಂದು ಮೊದಲಿನಿಂದ ಹೇಳತೊಡಗಿದೆ.